ಗುಂಡ್ಲುಪೇಟೆ ಚಾಮರಾಜನಗರಗಳ ಮೋಜಣಿ

ಮೈಸೂರಿನಿಂದ ದಕ್ಷಿಣಕ್ಕೆ ಪ್ರವಾಸ ಹೊರಡುವವರಿಗೆ ನೋಡತಕ್ಕ ಸ್ಥಳಗಳ ಕೊರತೆಯಿಲ್ಲ. ಹಿಮವದ್ಗೋಪಾಲಸ್ವಾಮಿಯ ಬೆಟ್ಟವುಂಟು, ಬಂಡೀಪುರದ ಅರಣ್ಯವುಂಟು, ಬಿಳಿಗಿರಿರಂಗನ ಸನ್ನಿಧಿಯುಂಟು. ಚಾಮರಾಜನಗರದಲ್ಲಿ ರೈಲಿಳಿದವರು ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ಕಟ್ಟಿಸಿದ ಚಾಮರಾಜೇಶ್ವರನ ಗುಡಿಯನ್ನು ನೋಡದೆ ಹಿಂದಿರುಗುವುದಿಲ್ಲ. ಇವೆಲ್ಲವನ್ನೂ ಕುರಿತು ಬಲ್ಲವರು ಬೇಕಾದಷ್ಟು ಬರೆದಿರುವರು. ಆದರೆ ಈ ಸೀಮೆಯ ರೈತನು ದೇವರ ಗುಡಿಗೆ ಹೋಗುವಷ್ಟೇ ಭಯಭಕ್ತಿಯಿಂದ ಮೆಟ್ಟಿಲು ಹತ್ತುವ ಮತ್ತೊಂದು ಸ್ಥಳವುಂಟು. ಅದನ್ನು ಯಾವ ಪ್ರವಾಸಿಯೂ ನೋಡಲು ಹೋಗುವುದಿಲ್ಲ. ಅದು ತಾಲ್ಲೂಕಿನ ಸರ್ವೆ ಕಚೇರಿ. ಹಳಬರ ಬಾಯಲ್ಲಿ ಮೋಜಣಿ ದಫ್ತರ. ಈ ಎರಡು ತಾಲ್ಲೂಕುಗಳ ನೆಲವು ಯಾರಿಂದ, ಯಾವುದಕ್ಕಾಗಿ, ಹೇಗೆ ಅಳೆಯಲ್ಪಟ್ಟಿತೆಂಬ ಕಥೆಯು ಅರಸರ ಕಥೆಗಿಂತ ಕಡಮೆ ಸ್ವಾರಸ್ಯವಾದುದಲ್ಲ. ಹೊಲಮನೆಯುಳ್ಳ ಗೃಹಸ್ಥರಿಗಂತೂ ಇದು ಮನೆಯ ಕಥೆಯೇ ಸರಿ.

ನಂಜನಗೂಡನ್ನು ದಾಟಿ ಬೇಗೂರಿನ ಮೇಲೆ ಗುಂಡ್ಲುಪೇಟೆಯ ಕಡೆಗೆ ಸಾಗಿದಂತೆ ಇಬ್ಬದಿಯಲ್ಲಿಯೂ ಕೆಂಪುನೆಲದ ಹೊಲಗಳು ಹರಡಿಕೊಳ್ಳುವುವು. ಮಳೆ ಹಿಡಿದ ವರ್ಷ ಸೂರ್ಯಕಾಂತಿ, ಚೆಂಡುಹೂವು, ಅರಿಶಿನ, ಬಾಳೆ. ಮಳೆ ಕೈಕೊಟ್ಟ ವರ್ಷ ಹುರುಳಿಯೇ ಗತಿ. ಊಟಿಗೆ ಹೋಗುವ ಅವಸರದಲ್ಲಿರುವವರು ಹೂವನ್ನು ನೋಡಿ ಸಂತೋಷಪಡುವರೇ ಹೊರತು, ಆ ಹೂವಿನ ಹೊಲದ ಮೂಲೆಯಲ್ಲಿ ಮೊಣಕಾಲುದ್ದ ನಿಂತಿರುವ ಒರಟು ಕಲ್ಲನ್ನು ನೋಡುವುದಿಲ್ಲ. ಅದೇ ಬಾಂದುಕಲ್ಲು. ಕೆಲವು ಕಡೆ ಅದು ಬೇಲಿಯ ಕಳ್ಳಿಯೊಳಗೆ ಮುಚ್ಚಿಹೋಗಿರುವುದು. ಕೆಲವು ಕಡೆ ಟ್ರ್ಯಾಕ್ಟರಿನ ನೇಗಿಲಿಗೆ ಸಿಕ್ಕಿ ಒರಗಿರುವುದು. ಮತ್ತೆ ಕೆಲವು ಕಡೆ ಕಲ್ಲೇ ಇಲ್ಲ, ಅದು ಇದ್ದ ಜಾಗದ ವಿಷಯವಾಗಿ ಎರಡು ಮನೆಗಳಿಗೆ ಮಾತುಕತೆಯೂ ಇಲ್ಲ.

ಕಲ್ಲು ನೆಟ್ಟು ಎಲ್ಲೆಯನ್ನು ಗೊತ್ತುಮಾಡುವುದು ಇಲ್ಲಿ ಇಂಗ್ಲಿಷರು ತಂದ ಪದ್ಧತಿಯಲ್ಲ. ರೈಸ್ ಸಾಹೇಬರು 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರುಗಳ ಶಾಸನಗಳು ಸೇರಿವೆ. ನಮ್ಮ ನಾಡಿನ ದಾನಶಾಸನಗಳನ್ನು ಓದಿದವರಿಗೆ ಅವುಗಳ ರೀತಿ ಗೊತ್ತು: ಮೂಡಲಿಗೆ ಹಳ್ಳ, ತೆಂಕಲಿಗೆ ಹುಣಿಸೆಯ ಮರ, ಪಡುವಲಿಗೆ ಕೆರೆಯ ಕೋಡಿ, ಬಡಗಲಿಗೆ ನೆಟ್ಟ ಕಲ್ಲು ಎಂದು ಎಲ್ಲೆಗಳನ್ನು ಸುತ್ತಿಬರುವುದು. ಶಿವಾಲಯಕ್ಕೆ ಬಿಟ್ಟ ಭೂಮಿಗೆ ಲಿಂಗಮುದ್ರೆಯ ಕಲ್ಲು, ವಿಷ್ಣುಭಕ್ತರಿಗೆ ಬಿಟ್ಟುದಕ್ಕೆ ವಾಮನಮುದ್ರೆಯ ಕಲ್ಲು, ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲು. ಆದರೆ ದಾನದ ಭೂಮಿಗಿದ್ದ ಈ ಗೌರವವು ಸಾಮಾನ್ಯ ರೈತನ ಹೊಲಕ್ಕಿರಲಿಲ್ಲ. ಅವನ ಹೊಲದ ವಿಸ್ತೀರ್ಣವನ್ನು ಹೇಳುತ್ತಿದ್ದುದು ಬಿತ್ತನೆಯ ಬೀಜದಿಂದ. ಇಂಥವನಿಗೆ ಇಷ್ಟು ಕೊಳಗ ಬೀಜ ಬೀಳುವ ಹೊಲ. 20 ಕೊಳಗವಾದರೆ ಒಂದು ಖಂಡುಗ. ಒತ್ತಾಗಿ ಬಿತ್ತುವ ಗದ್ದೆಯ ಖಂಡುಗ ಬೇರೆ, ಬಿಡುವಾಗಿ ಬಿತ್ತುವ ಹೊಲದ ಖಂಡುಗ ಬೇರೆ. ಈ ಲೆಕ್ಕವೆಲ್ಲವೂ ಇರುತ್ತಿದ್ದುದು ಶಾನುಭೋಗನ ಕಡತದಲ್ಲಿ, ಅದಕ್ಕಿಂತ ಹೆಚ್ಚಾಗಿ ಅವನ ನೆನಪಿನಲ್ಲಿ. ಶಾನುಭೋಗನು ಸಜ್ಜನನಾದರೆ ಊರಿನ ಪುಣ್ಯ, ಅಲ್ಲದಿದ್ದರೆ ಊರಿನ ಕರ್ಮ.

ಕಂದಾಯದ ಆಡಳಿತವನ್ನು ಬಿಗಿಮಾಡಿದುದಕ್ಕೆ ಹೆಸರಾದ ಚಿಕ್ಕದೇವರಾಜ ಒಡೆಯರಿಗೂ ಈ ಸೀಮೆಗೂ ಹತ್ತಿರದ ನಂಟು. ಪಟ್ಟಕ್ಕೆ ಬರುವ ಮೊದಲು ಅವರು ಗುಂಡ್ಲುಪೇಟೆಯ ಬಳಿಯ ಹಂಗಳದಲ್ಲಿ ನಿರ್ಬಂಧದಲ್ಲಿದ್ದರು. 1673ರಲ್ಲಿ ಪಟ್ಟವಾದ ಮೇಲೆ ತಂದೆಯ ಸ್ಮರಣೆಗಾಗಿ ಗುಂಡ್ಲುಪೇಟೆಯಲ್ಲಿ ಪರವಾಸುದೇವರ ದೇವಾಲಯವನ್ನು ಕಟ್ಟಿಸಿದರು. ಹದಿನೆಂಟು ಇಲಾಖೆಗಳ ಅಠಾರಾ ಕಚೇರಿಯನ್ನು ಏರ್ಪಡಿಸಿದರೆಂಬ ಕೀರ್ತಿಯೂ, ತೆರಿಗೆಗಳನ್ನು ಹೆಚ್ಚಿಸಿದರೆಂಬ ಅಪಕೀರ್ತಿಯೂ ಅವರಿಗೆ ಸಮನಾಗಿ ಸಂದಿವೆ.

ಇಡೀ ದೇಶವನ್ನು ಕಾಗದದ ಮೇಲೆ ಇಳಿಸುವ ಕಾರ್ಯ ತೊಡಗಿದುದು 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ. ಗೆದ್ದವರು ರಾಜ್ಯವನ್ನು ಹಂಚಿಕೊಂಡರು. ವೈನಾಡೂ ಕೊಯಮತ್ತೂರಿನ ಸೀಮೆಯೂ ಕಂಪೆನಿಯ ಪಾಲಾದುವು. ಕೊಯಮತ್ತೂರಿನೊಡನೆ ಕೊಳ್ಳೇಗಾಲವೂ ಹೋಯಿತು. ಉಳಿದುದು ಬಾಲಕನಾದ ಮುಮ್ಮಡಿ ಕೃಷ್ಣರಾಜರಿಗೆ. ಗುಂಡ್ಲುಪೇಟೆ, ಚಾಮರಾಜನಗರಗಳು ಹೀಗೆ ಹಠಾತ್ತನೆ ರಾಜ್ಯದ ಅಂಚಿನ ಊರುಗಳಾದುವು. (ಚಾಮರಾಜನಗರಕ್ಕೆ ಆಗ ಅರಿಕೊಠಾರವೆಂದು ಹೆಸರು. ಅಲ್ಲಿ ಹುಟ್ಟಿದ ತಮ್ಮ ತಂದೆ ಚಾಮರಾಜ ಒಡೆಯರ ನೆನಪಿಗಾಗಿ ಮುಮ್ಮಡಿಯವರು 1818ರಲ್ಲಿ ಈಗಿನ ಹೆಸರನ್ನಿಟ್ಟರು.) ಹಂಚಿಕೊಂಡ ಮೇಲೆ ಗಡಿ ಎಲ್ಲಿ ಹಾದುಹೋಗುವುದೆಂದು ತಿಳಿಯಬೇಡವೆ? ಅದಕ್ಕಾಗಿ ನಿಯಮಿತನಾದವನು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಕಾಲಿನ್ ಮೆಕೆಂಜಿ. ಅವನ ಮೈಸೂರು ಸರ್ವೆಯು ಎಂಟು ಹತ್ತು ವರ್ಷಗಳು ನಡೆದು ಸುಮಾರು 40,000 ಚದರ ಮೈಲಿಗಳನ್ನು ಸುತ್ತಿತು.

ಮೆಕೆಂಜಿಯ ವೈಶಿಷ್ಟ್ಯವೆಂದರೆ, ಅವನಿಗೆ ಬೆಟ್ಟ ಹೊಳೆಗಳ ಅಳತೆಯಷ್ಟರಿಂದ ತೃಪ್ತಿಯಾಗಲಿಲ್ಲ. ಈ ಊರಿನ ಪೂರ್ವಕಥೆಯೇನು, ಇಲ್ಲಿಯ ಶಾಸನವೇನು, ಓಲೆಗರಿಯ ಗ್ರಂಥ ಯಾರ ಮನೆಯಲ್ಲಿದೆ ಎಂದು ಕೇಳಿಸುತ್ತ ಹೋದನು. ಚಾಮರಾಜನಗರ ತಾಲ್ಲೂಕಿನ ಮಲೆಯೂರು, ಅಂದರೆ ಜೈನರ ಪುಣ್ಯಕ್ಷೇತ್ರವಾದ ಕನಕಗಿರಿ, ಅವನಿಗೆ ಇಂಥ ವಿಷಯದಲ್ಲಿ ಅಕ್ಷಯ ನಿಧಿಯೇ ಆಯಿತು. 1804ರಲ್ಲಿ ಅವನು ಅಲ್ಲಿಗೆ ಬಂದಾಗ ದೇವಚಂದ್ರನೆಂಬ ಜೈನ ಪಂಡಿತನ ಭೇಟಿಯಾಯಿತು. ಸರ್ವೆಯ ಸಾಹೇಬನು ಕೇಳಿದ ಪ್ರಶ್ನೆಗಳೇ ಆ ಪಂಡಿತನನ್ನು ಹಳೆಯ ಕಥೆಗಳ ಸಂಗ್ರಹಕ್ಕೆ ಹಚ್ಚಿದುವು. ಮುಂದೆ ಸುಮಾರು 1838ರ ವೇಳೆಗೆ ಅದು ‘ರಾಜಾವಳೀ ಕಥೆ’ಯೆಂಬ ದೊಡ್ಡ ಗ್ರಂಥವಾಯಿತು. ಮಲೆಯೂರಿನವನೇ ಆದ ಧರ್ಮಯ್ಯನೆಂಬ ಮತ್ತೊಬ್ಬ ಜೈನ ಪಂಡಿತನು ಮೆಕೆಂಜಿಯ ಬಳಿ ನೌಕರಿಗೇ ನಿಂತನು. 1816ರಲ್ಲಿ ಥಾಮಸ್ ಹಿಕಿಯೆಂಬ ಚಿತ್ರಕಾರನು ಬರೆದ ಮೆಕೆಂಜಿಯ ಭಾವಚಿತ್ರದಲ್ಲಿ ಸಾಹೇಬನ ಸುತ್ತ ಮೂವರು ಭಾರತೀಯರು ನಿಂತಿರುವರು. ಒಬ್ಬನ ಕೈಯಲ್ಲಿ ದುರ್ಬೀನು, ಮತ್ತೊಬ್ಬನ ಕೈಯಲ್ಲಿ ಓಲೆಗರಿ. ಓಲೆಗರಿ ಹಿಡಿದವನೇ ನಮ್ಮ ಧರ್ಮಯ್ಯನೆಂದು ತಿಳಿದವರು ಗುರುತಿಸುವರು. ಹಿಂದೆ ದೂರದಲ್ಲಿ ಕಾರ್ಕಳದ ಗೊಮ್ಮಟ. ಅದರ ಬಳಿ ಸರ್ವೆಯವರ ಗುರುತಿನ ಕಂಬ. ಮಲೆಯೂರಿನ ಕಡೆಗೆ ಹೋದವರು ಬೆಟ್ಟವನ್ನು ಹತ್ತಿ, ಈ ಪಡಸಾಲೆಗಳಲ್ಲೊಂದರಲ್ಲಿ ಕುಳಿತು ಆ ಇಬ್ಬರು ಪಂಡಿತರನ್ನು ನೆನೆಯುವುದು ನ್ಯಾಯವಾಗಿದೆ.

ಇದೇ ಕಾಲದಲ್ಲಿ ಲ್ಯಾಂಬ್ಟನ್ ಎಂಬಾತನು 1802ರಲ್ಲಿ ಮದರಾಸಿನಲ್ಲಿಯೂ 1804ರಲ್ಲಿ ಬೆಂಗಳೂರಿನಲ್ಲಿಯೂ ಆಧಾರರೇಖೆಗಳನ್ನು ಎಳೆದು, ತ್ರಿಕೋಣಗಳ ಬಲೆಯಿಂದ ಭೂಮಂಡಲವನ್ನೇ ಅಳೆಯುವ ಸಾಹಸದಲ್ಲಿದ್ದನು. ಘನವಾದ ಕಾರ್ಯ, ಸಂದೇಹವಿಲ್ಲ. ಆದರೆ ತೆರಕಣಾಂಬಿಯ ರೈತನೊಬ್ಬನ ಹೊಲಕ್ಕೂ ಅವನ ದಾಯಾದಿಯ ಹೊಲಕ್ಕೂ ನಡುವೆ ಇರುವ ಬದು ಎಲ್ಲಿದೆಯೆಂದು ಮೆಕೆಂಜಿಯ ಪಟವಾಗಲಿ ಲ್ಯಾಂಬ್ಟನ್ನನ ತ್ರಿಕೋಣವಾಗಲಿ ಹೇಳಲಾರದು. ದಿವಾನ್ ಪೂರ್ಣಯ್ಯನವರು ಅದೇ ವರ್ಷಗಳಲ್ಲಿ ಮಾಡಿಸಿದ ಪೈಮಾಯಿಷಿಯು ಕಂದಾಯಕ್ಕಾಗಿ ನೆಲವನ್ನು ಅಳೆಯಿಸಿದ ಕಾರ್ಯ. ಅದರಿಂದ ಖಜಾನೆಗೆ ಉಪಯೋಗವಾಯಿತು. ಅವರ ಸೇವೆಗೆ 1807ರಲ್ಲಿ ಚಾಮರಾಜನಗರದ ನೆರೆಯ ಯಳಂದೂರೇ ಜಹಗೀರಾಗಿ ದೊರೆಯಿತೆಂಬುದನ್ನು ಇಲ್ಲಿ ಹೇಳಿ ಮುಂದಕ್ಕೆ ಹೋಗೋಣ.

ಹೊಲಹೊಲವನ್ನೂ ಮೆಟ್ಟಿ ಅಳೆದ ಸರ್ವೆಯು ಬಂದುದು ಕಮಿಷನರ ಆಡಳಿತದಲ್ಲಿ. ಬೌರಿಂಗ್ ಸಾಹೇಬರು ಕಮಿಷನರಾಗಿದ್ದ 1863ರಲ್ಲಿ ಬೊಂಬಾಯಿ ಪ್ರಾಂತದ ಪದ್ಧತಿಯನ್ನು ಮೈಸೂರಿಗೆ ತಂದು, ಅಲ್ಲಿಯೇ ಪಳಗಿದ ಆಂಡರ್ಸನ್ ಎಂಬ ಅಧಿಕಾರಿಯನ್ನು ಮುಖ್ಯಸ್ಥನನ್ನಾಗಿ ನಿಯಮಿಸಿದರು. ಕೆಲಸವು ರಾಜ್ಯದ ಉತ್ತರದಂಚಿನಲ್ಲಿ, ಹರಿಹರದ ಕಡೆಯಿಂದ, ಮೊದಲಾಯಿತು. ದಕ್ಷಿಣದಂಚಿನ ನಮ್ಮ ತಾಲ್ಲೂಕುಗಳಿಗೆ ಸರಪಣಿಯು ಬಂದು ಮುಟ್ಟಲು ಬಹುಕಾಲ ಹಿಡಿಯಿತು.

ಆ ಸರಪಣಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಅದರ ಉದ್ದ 33 ಅಡಿ. ಅದನ್ನು ಹದಿನಾರು ಭಾಗಮಾಡಿ ಒಂದೊಂದಕ್ಕೂ ಆಣೆಯೆಂದು ಹೆಸರಿಟ್ಟರು. ಒಂದಾಣೆಯೆಂದರೆ 2 ಅಡಿ ಮುಕ್ಕಾಲು ಅಂಗುಲ. ಒಂದು ಸರಪಣಿ ಉದ್ದ, ಒಂದು ಸರಪಣಿ ಅಗಲವಾದ ನೆಲವೇ ಗುಂಟೆ. ಅಂದರೆ 1,089 ಚದರಡಿ. ಇಂಥ 40 ಗುಂಟೆಗೆ ಒಂದು ಎಕರೆ. ರೂಪಾಯಿಗೆ ಹದಿನಾರಾಣೆ, ಸರಪಣಿಗೆ ಹದಿನಾರಾಣೆ, ಗುಂಟೆಗೂ ಹದಿನಾರಾಣೆ. ಮುಂದೆ ಹೇಳುವಂತೆ ಮಣ್ಣಿಗೂ ಹದಿನಾರಾಣೆಯೇ. ಅಂಗಡಿಯ ಲೆಕ್ಕ ಬಲ್ಲವನಿಗೆ ಹೊಲದ ಲೆಕ್ಕವೂ ಬಾಯಿಗೆ ಬಂದಂತಾಯಿತು. ಪರದೇಶದ ಶಾಸ್ತ್ರವನ್ನು ನಮ್ಮ ಜನರ ಕೈಬೆರಳಿನ ಲೆಕ್ಕಕ್ಕೆ ಹೊಂದಿಸಿದ ಈ ಜಾಣತನವು ಮೆಚ್ಚತಕ್ಕುದು.

ಮೋಜಣಿದಾರನು ಮೊದಲು ಗ್ರಾಮದ ಸುತ್ತಿನ ಗಡಿಯನ್ನು ನಿಶ್ಚಯಿಸುವನು. ಬಳಿಕ ಒಂದು ಜೋಡಿ ಎತ್ತು ಸಾಗುವಳಿ ಮಾಡಬಲ್ಲಷ್ಟರ ಅಂದಾಜಿನಲ್ಲಿ ಹೊಲಗಳನ್ನು ವಿಂಗಡಿಸಿ ನಂಬರು ಕೊಡುವನು. ಪ್ರತಿ ನಂಬರಿನಲ್ಲಿಯೂ ಮೂಲೆಯಿಂದ ಮೂಲೆಗೆ ಒಂದು ಮುಖ್ಯರೇಖೆಯನ್ನು ಸರಪಣಿಯಿಂದ ಅಳೆದು, ಅದರ ಮೇಲೆ ಅಲ್ಲಲ್ಲಿ ಕ್ರಾಸ್‌ಸ್ಟಾಫ್ ಎಂಬ ಗೂಟವನ್ನು ನಿಲ್ಲಿಸಿ, ಅದರ ಸೀಳುಗಳೊಳಗಿಂದ ನೋಡಿ, ಹೊಲದ ಒಂದೊಂದು ಮೂಲೆಗೂ ಲಂಬವಾಗಿ ಅಡ್ಡಳತೆ ತೆಗೆಯುವನು. ಇಷ್ಟನ್ನು ಕೈಗೀಟಿನ ಚಿತ್ರದಲ್ಲಿ ಗುರುತುಮಾಡುವನು. ಈ ಚಿತ್ರವೇ ಟಿಪ್ಪಣಿ. ಅದು ಪಟದಂತೆ ಪ್ರಮಾಣಬದ್ಧವಾದುದಲ್ಲ. ನೋಡಿದರೆ ಹುಡುಗರು ಬರೆದ ಗೀಟೆಂದು ತೋರುವುದು. ಆದರೆ ಗೀಟಿನ ಪಕ್ಕದಲ್ಲಿ ಕನ್ನಡ ಅಂಕಿಗಳಲ್ಲಿ ಇಷ್ಟು ಸರಪಣಿ ಇಷ್ಟು ಆಣೆಯೆಂದು ಬರೆದಿರುವುದೇ ಅದರ ಪ್ರಾಣ. ಆ ಅಂಕಿಗಳಿಂದ ನೂರು ವರ್ಷಗಳ ಮೇಲೆಯೂ ಹೊಲವನ್ನು ಮತ್ತೆ ನೆಲದ ಮೇಲೆ ಇಳಿಸಬಹುದು. ಮೋಜಣಿದಾರನ ಕೆಲಸದಲ್ಲಿ ನೂರಕ್ಕೆ ಹತ್ತು ಪಾಲನ್ನು ಮೇಲಧಿಕಾರಿಯು ತಾನೇ ಹೋಗಿ ಮತ್ತೆ ಅಳೆದು ನೋಡಬೇಕೆಂಬ ಕಟ್ಟಳೆಯೂ ಇದ್ದಿತು.

ಅಳತೆಯವನು ಹೋದ ಮೇಲೆ ಮಣ್ಣಿನ ತರಗತಿ ನೋಡುವವನು ಬರುವನು. ಹೊಲವನ್ನು ಚೌಕಚೌಕವಾಗಿ ವಿಂಗಡಿಸಿ, ಹಾರೆಯಿಂದ ಅಗೆದು, ಮಣ್ಣು ಎಷ್ಟು ಆಳವಿದೆಯೆಂದು ಮೊಳದಲ್ಲಿ ನೋಡುವನು. ಬೊಂಬಾಯಿಯ 1847ರ ಜಂಟಿ ವರದಿಯ ಪ್ರಕಾರ ಒಂದೂಮುಕ್ಕಾಲು ಮೊಳದ ಆಳವಿರುವ ನಯವಾದ ಕಪ್ಪುಮಣ್ಣು ಹದಿನಾರಾಣೆಯದು, ಕೆಂಪು ಒರಟು ಮಣ್ಣಿಗೆ ಎರಡನೆಯ ಸ್ಥಾನ, ಗರಸಿಗೆ ಮೂರನೆಯದು. ಸುಣ್ಣಕಲ್ಲು, ಮರಳು, ಇಳಿಜಾರು, ಚೌಳು, ನೀರು ನಿಲ್ಲುವುದು, ಹೀಗೆ ದೋಷಗಳಿಗೆಲ್ಲ ಒಂದೊಂದು ಗುರುತು. ಒಂದು ದೋಷಕ್ಕೆ ಒಂದು ತರಗತಿ ಇಳಿಕೆ. ಚಾಮರಾಜನಗರದ ಎರೆಯನ್ನೂ ಗುಂಡ್ಲುಪೇಟೆಯ ಕೆಂಪುನೆಲವನ್ನೂ ಒಂದೇ ದಿನ ನೋಡಿದವರಿಗೆ, ಒಂದೇ ದರದ ಕಂದಾಯವು ಎಷ್ಟು ಅನ್ಯಾಯವಾಗುತ್ತಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂದಾಯವು ಮೂವತ್ತು ವರ್ಷಗಳಿಗೆ ಸ್ಥಿರ. ರೈತನು ಸ್ವಂತ ಖರ್ಚಿನಿಂದ ಬಾವಿ ತೋಡಿಸಿದರೆ ಅದಕ್ಕಾಗಿ ಕಂದಾಯವನ್ನು ಏರಿಸತಕ್ಕುದಲ್ಲ.

ಇದೆಲ್ಲವೂ ರೈತನ ಮೇಲಿನ ಕರುಣೆಯಿಂದ ಆದುದೆಂದು ಯಾರೂ ಭ್ರಮಿಸಬಾರದು. ಸರ್ಕಾರಕ್ಕೆ ಬೇಕಾಗಿದ್ದುದು ತಪ್ಪದ ಕಂದಾಯ. ಆದರೆ ಕಂದಾಯಕ್ಕಾಗಿ ಬರೆದ ಕಾಗದವು ಕಾಲಾಂತರದಲ್ಲಿ ರೈತನ ಗುರಾಣಿಯಾಯಿತು. ಊರಿನ ಬಲಿಷ್ಠನು ವರ್ಷಕ್ಕೊಂದು ಸಾಲು ಒತ್ತರಿಸುತ್ತ ಬಂದರೂ, ಬಡವನು ಹದ್ದುಬಸ್ತಿಗೆ ಅರ್ಜಿ ಕೊಟ್ಟರೆ, ಸರ್ಕಾರದ ಮೋಜಣಿದಾರನು ಟಿಪ್ಪಣಿಯನ್ನು ಹಿಡಿದು ಬಂದು ಹಿಂದಿನ ಮೂಲೆಯಲ್ಲಿಯೇ ಕಲ್ಲು ನೆಡಿಸಲೇಬೇಕು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಪಟೇಲ ಶಾನುಭೋಗರ ಹುದ್ದೆಗಳು ರದ್ದಾದುವು. ಕೈಬರಹದ ಪಹಣಿಗಳ ಜಾಗಕ್ಕೆ 2000ದ ಸುಮಾರಿನಲ್ಲಿ ‘ಭೂಮಿ’ ಯೋಜನೆಯ ಗಣಕಯಂತ್ರವು ಬಂದಿತು. ಈಗ ಡ್ರೋನಿನಿಂದಲೂ ಅಳೆಯುವರು. ಆದರೂ ಜಗಳವು ಹದ್ದಿಗೆ ಬಂದಾಗ ರುಮಾಲಿನ ಗಂಟನ್ನು ಬಿಚ್ಚಿ ಆ ಹಳೆಯ ಹಾಳೆಯನ್ನೇ, ಇಲ್ಲವೆ ಅದರ ಪ್ರತಿಯನ್ನೇ, ನೋಡಬೇಕು. ಅಂಚು ಮುರಿದು ಪುಡಿಯಾಗುತ್ತಿರುವ ಆ ಹಾಳೆಗಳನ್ನು ಕಾಪಾಡುವುದು ಗುಡಿಯ ಜೀರ್ಣೋದ್ಧಾರಕ್ಕಿಂತ ಕಡಮೆಯ ಕೆಲಸವೆಂದು ನನಗೆ ತೋರುವುದಿಲ್ಲ.

ಗೃಹಸ್ಥರು ಈ ಕಾಗದಗಳ ಭೇದವನ್ನು ತಿಳಿದಿರುವುದು ಒಳ್ಳೆಯದು. ಹೊಲ ಎಲ್ಲಿದೆಯೆಂಬುದಕ್ಕೆ ಟಿಪ್ಪಣಿ; ಎಷ್ಟಿದೆ, ಕಂದಾಯವೆಷ್ಟು ಎಂಬುದಕ್ಕೆ ಆಕಾರಬಂದು; ಯಾರ ಅನುಭವದಲ್ಲಿದೆಯೆಂಬುದಕ್ಕೆ ಪಹಣಿ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ‘ಆಕಾರ’ವೆಂದರೆ ಹೊಲದ ರೂಪವೆಂದು ನಮ್ಮವರು ಅನೇಕರು ತಿಳಿದಿರುವರು, ಅದು ಬೊಂಬಾಯಿಯ ಪದ್ಧತಿಯೊಡನೆ ಬಂದ ಮರಾಠಿಯ ಮಾತು, ಕಂದಾಯದ ನಿರ್ಣಯವೆಂದು ಅರ್ಥ. ಬಂಡೆಯೋ ದಿಬ್ಬವೋ ಆಗಿ ಸಾಗುವಳಿಗೆ ಬಾರದ ಹೊಲದೊಳಗಣ ನೆಲ ‘ಅ’ ಖರಾಬು. ದಾರಿ, ಹಳ್ಳ, ಸ್ಮಶಾನಗಳಂತೆ ಸಾರ್ವಜನಿಕರಿಗೆ ಸೇರಿದುದು ‘ಬ’ ಖರಾಬು. ಈ ಎರಡಕ್ಷರಗಳ ವ್ಯತ್ಯಾಸವನ್ನು ತಿಳಿಯದೆ ಕ್ರಯಕ್ಕೆ ಕೈಹಾಕಬಾರದು. ಜನವಸತಿಯಿಲ್ಲದೆ ಹೆಸರು ಮಾತ್ರ ಉಳಿದ ಗ್ರಾಮಕ್ಕೆ ದಫ್ತರದಲ್ಲಿ ಬೇಚಿರಾಖು ಎಂದು ಬರೆಯುವರು. ಪಾರಸಿಯಲ್ಲಿ ಅದರ ಅರ್ಥ ‘ದೀಪವಿಲ್ಲದ್ದು’. ಒಣ ಕಡತದೊಳಗೆ ಹೀಗೊಂದು ಮಾತು ಸಿಕ್ಕಿದಾಗ ಓದುವವನ ಕಣ್ಣು ಅಲ್ಲಿಯೇ ನಿಲ್ಲುವುದು.

ಆದರೆ ಸರ್ವೆಯು ಒಂದು ತೊಡಕನ್ನೂ ಬಿಟ್ಟುಹೋಯಿತು. ಒಂದು ನಂಬರು ಒಂದು ಜೋಡಿ ಎತ್ತಿನ ಹೊಲವೆಂದು ಎಣಿಸಿದವರು, ಆ ಹೊಲದ ಒಡೆಯನಿಗೆ ನಾಲ್ವರು ಮಕ್ಕಳಾಗಿ, ಅವರಿಗೆ ಹತ್ತು ಮಂದಿ ಮಕ್ಕಳಾಗುವುದನ್ನು ಕಾಣಲಿಲ್ಲ. ಮನೆಯ ಜಗುಲಿಯಲ್ಲಿ ಹಿರಿಯರು ಕುಳಿತು ಹುಣಿಸೆಮರದಿಂದಾಚೆ ನಿನಗೆ, ಈಚೆ ನಿನಗೆ ಎಂದು ಮಾಡಿದ ಹಂಚಿಕೆಯು ಮರವಿರುವವರೆಗೆ ನಡೆಯಿತು. ಅದನ್ನು ಅಳೆದು ಹಿಸ್ಸೆ ಮಾಡಿ ಪೋಡಿ ಮಾಡಿಸದಿದ್ದರೆ ಕಾಗದದಲ್ಲಿ ಹೊಲವು ಒಂದೇ ಆಗಿ ಉಳಿಯುವುದು. ಆಗ ಒಬ್ಬನು ಮಾರಲಾರ, ಮತ್ತೊಬ್ಬನಿಗೆ ಸಾಲ ಹುಟ್ಟುವುದು ಕಷ್ಟ. ಹೆಣ್ಣುಮಕ್ಕಳ ಪಾಡು ಇನ್ನೂ ಬೇರೆ. 1994ರಲ್ಲಿ ಕರ್ನಾಟಕದ ತಿದ್ದುಪಡಿಯೂ 2005ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿಯೂ ಮಗಳಿಗೆ ಪಿತ್ರಾರ್ಜಿತದಲ್ಲಿ ಮಗನಂತೆಯೇ ಜನ್ಮಸಿದ್ಧವಾದ ಪಾಲನ್ನು ಕೊಟ್ಟಿವೆ. ಆದರೆ ಸರಪಣಿಯು ಹೊಲದ ಮೇಲೆ ನಡೆದು, ಅವಳ ಹಿಸ್ಸೆಗೆ ಗೀಟೂ ಅಂಕಿಯೂ ಬೀಳುವವರೆಗೆ ಆ ಪಾಲು ಬಾಯಿಮಾತಿನ ಪಾಲು. ಅರಿಶಿನ ಕುಂಕುಮ ಕೊಟ್ಟು ಕಳುಹಿಸಿದೆವೆಂದು ಸಮಾಧಾನಪಡುವ ಮನೆಗಳವರು ಈ ವಿಷಯವನ್ನು ಯೋಚಿಸಬೇಕು.

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ತೆರಕಣಾಂಬಿಯ ಮೇಲೆ ಹೋಗುವ ದಾರಿ ಈ ಹೊಲಗಳ ನಡುವೆಯೇ ಹಾದುಹೋಗುವುದು. ಚಾಮರಾಜನಗರದಿಂದ ಮೂಡಲಿಗೆ ಯಳಂದೂರನ್ನು ದಾಟಿದರೆ ಕೊಳ್ಳೇಗಾಲ. ಮದರಾಸು ಪ್ರಾಂತಕ್ಕೆ ಸೇರಿದ್ದ ಕೊಳ್ಳೇಗಾಲದಲ್ಲಿ ನಡೆದುದು ಮದರಾಸಿನ ಸರ್ವೆ. ಅಲ್ಲಿಯ ಸರಪಣಿ 66 ಅಡಿಯದು, ಕೊಂಡಿಗಳು ನೂರು. ಎಕರೆಗೆ ಗುಂಟೆಯಲ್ಲ, ನೂರು ಸೆಂಟು. 1956ರಲ್ಲಿ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಬಂದಿತು; 1997ರಲ್ಲಿ ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು, ಕೊಳ್ಳೇಗಾಲಗಳು ಸೇರಿ ಪ್ರತ್ಯೇಕ ಜಿಲ್ಲೆಯಾಯಿತು. ಹೀಗೆ 1799ರಲ್ಲಿ ಎಳೆದ ಗಡಿಯು ಭೂಪಟದಿಂದ ಅಳಿಸಿಹೋದರೂ ದಫ್ತರದೊಳಗೆ ಅಳಿಯಲಿಲ್ಲ. ಒಂದು ಗುಂಟೆಗೆ ಎರಡೂವರೆ ಸೆಂಟು. ಚಾಮರಾಜನಗರದ ಬೀಗರೂ ಕೊಳ್ಳೇಗಾಲದ ಬೀಗರೂ ಹೊಲದ ಮಾತು ಎತ್ತಿದಾಗ ಈ ಲೆಕ್ಕವನ್ನು ಮೊದಲು ಇತ್ಯರ್ಥಮಾಡಿಕೊಂಡರೆ ಮದುವೆಯ ಮನೆಯಲ್ಲಿ ಎಷ್ಟೋ ಮನಸ್ತಾಪ ತಪ್ಪುವುದು.

ಟಿಪ್ಪಣಿಯ ಪುಟಕ್ಕೇ ಬಾರದವರ ವಿಷಯವೊಂದು ಉಳಿದಿದೆ. ಚಾಮರಾಜನಗರ, ಯಳಂದೂರುಗಳ ಮೇಲೆ ನಿಂತಿರುವ ಬಿಳಿಗಿರಿರಂಗನ ಬೆಟ್ಟಗಳಲ್ಲಿ ತಲೆತಲಾಂತರದಿಂದ ಸೋಲಿಗರಿರುವರು. ಊರಿನವರ ದಫ್ತರದಲ್ಲಿ ‘ಪೋಡಿ’ಯೆಂದರೆ ಹೊಲದ ವಿಭಾಗ, ಅವರ ನುಡಿಯಲ್ಲಿ ‘ಪೋಡು’ ಎಂದರೆ ವಾಸದ ಹಾಡಿ. ಸರ್ವೆಯ ಕಣ್ಣಿಗೆ ಆ ಬೆಟ್ಟಗಳು ಸರ್ಕಾರದ ಅರಣ್ಯ. ಅದರೊಳಗೆ ನಂಬರುಗಳಿಲ್ಲ, ಆದುದರಿಂದ ಹಕ್ಕುದಾರರೂ ಇಲ್ಲ. ಕಾಡು ವನ್ಯಮೃಗಗಳ ಆಶ್ರಯವೆಂದು ಸಾರಲ್ಪಟ್ಟ ಮೇಲೆ ಒಳಗಿನ ಅನೇಕ ಪೋಡುಗಳವರು ಅಂಚಿಗೆ ಬಂದು ನೆಲಸಬೇಕಾಯಿತು. ಆದರೆ ಸೋಲಿಗರಿಗೆ ಆ ಕಾಡು ಅಳೆಯದ ಕಾಡಾಗಿರಲಿಲ್ಲ. ಅವರು ಅದನ್ನು ಕುಲಕುಲಕ್ಕೂ ಎಲ್ಲೆಗಳಾಗಿ ವಿಂಗಡಿಸಿಕೊಂಡಿದ್ದರು. ಒಂದೊಂದು ಎಲ್ಲೆಗೂ ಅದರ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ನೀರಿನ ಅಬ್ಬಿ, ಹಿರಿಯರ ಸಮಾಧಿ. ಅರಣ್ಯಹಕ್ಕುಗಳ 2006ರ ಕಾಯಿದೆಯು ಬಂದ ಮೇಲೆ ಸೋಲಿಗ ಹಿರಿಯರು ಸಂಶೋಧಕರೊಡನೆ ಕಾಡಿನಲ್ಲಿ ನಡೆದು, ಉಪಗ್ರಹದ ನೆರವಿನಿಂದ ಸ್ಥಳವನ್ನು ತಿಳಿಸುವ ಯಂತ್ರವನ್ನು ಹಿಡಿದು, ಈ ಸ್ಥಾನಗಳನ್ನು ಒಂದೊಂದಾಗಿ ತೋರಿಸಿ ಪಟ ಮಾಡಿಸಿದರು. 2011ರಲ್ಲಿ ಅವರ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರಗಳು ದೊರೆತುವು. ಆ ಪಟದಲ್ಲಿ ಸರಪಣಿಯಿಲ್ಲ, ಆಣೆಯಿಲ್ಲ. ಎಲ್ಲೆಗಳು ಹಳ್ಳದ ಗುಂಟ, ಬೆಟ್ಟದ ಏಣಿನ ಗುಂಟ, ಕಲ್ಲಿನಿಂದ ಮರಕ್ಕೆ, ಮರದಿಂದ ನೀರಿಗೆ ಹೋಗುವುವು.